ಚಕಮಕಿ ಕೋವಿಯ ಕಲ್ಲು ಮೊಂಡಾದಾಗ ಮತ್ತೆ ಹರಿತ ತರುವುದು ಹೇಗೆ?

ಹೊಸ ಗುರಿಕಾರ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕಲ್ಲು ಉಕ್ಕಿಗೆ ಬಡಿದು ಹಾರುವ ಕಿಡಿಯಿಂದ ಮದ್ದು ಹೊತ್ತಿಸುವ ಚಕಮಕಿ ಕೋವಿಯಲ್ಲಿ ಗುರಿ ಹೊಡೆಯುವುದನ್ನು ಅಭ್ಯಾಸ ಮಾಡತೊಡಗಿ ಐದು ತಿಂಗಳಾಯಿತು. ನನ್ನಲ್ಲಿರುವುದು ಹಳೆಯ ಮಾದರಿಯನ್ನು ನೋಡಿ ಈಚೆಗೆ ತಯಾರಿಸಿದ, ನಳಿಗೆಯ ಒಳಗೆ ಸುರುಳಿಗೆರೆಗಳಿರುವ ರೈಫಲ್. ಅದರ ಕುದುರೆಯ (ಟ್ರಿಗರ್ ಎಳೆದಾಗ ಕಲ್ಲನ್ನು ಕಚ್ಚಿಕೊಂಡು ಬಡಿಯುವ ಭಾಗ) ದವಡೆಗೆ ಮುಕ್ಕಾಲು ಇಂಚು ಅಗಲದ ಕಪ್ಪು ಕಲ್ಲು ಸರಿಯಾಗಿ ಹೊಂದುತ್ತದೆ. ಮದ್ದನ್ನು ಅಳೆದು ತುಂಬುವುದು, ಗುಂಡಿಗೆ ಬಟ್ಟೆ ಸುತ್ತಿ ಗಜ ಎಂಬ ಉದ್ದನೆಯ ಕೋಲಿನಿಂದ ನಳಿಗೆಗೆ ಇಳಿಸುವುದು, ನಳಿಗೆಯ ಬದಿಯ ಸಣ್ಣ ಬಟ್ಟಲಿಗೆ ರಂಜಕ, ಅಂದರೆ ಮೊದಲು ಹೊತ್ತುವ ಮದ್ದು, ಹಾಕುವುದು, ಇವೆಲ್ಲ ಕೈಗೆ ಹತ್ತಿವೆ. ಹತ್ತದೆ ಉಳಿದಿರುವುದು ಕಲ್ಲಿನ ಕೆಲಸ ಒಂದೇ.

ಹೊಸ ಕಲ್ಲು ಹಾಕಿದಾಗ ಮೊದಲ ಹದಿನೈದು ಹದಿನಾರು ಗುಂಡುಗಳವರೆಗೆ ಕಿಡಿ ಧಾರಾಳವಾಗಿ ಬೀಳುತ್ತದೆ. ಆಮೇಲೆ ಕಿಡಿ ಕಡಿಮೆಯಾಗುತ್ತ ಬಂದು, ಕೊನೆಗೆ ಕುದುರೆ ಬಿದ್ದರೂ ರಂಜಕ ಹೊತ್ತಿಕೊಳ್ಳುವುದಿಲ್ಲ. ಮೊದಲ ಕಲ್ಲನ್ನು ಹೊರತೆಗೆದು ಚಾಕುವಿಗೆ ಹಿಡಿಯುವ ಸಾಣೆಕಲ್ಲಿನ ಮೇಲೆ ಅರ್ಧ ಗಂಟೆ ತಿಕ್ಕಿದೆ. ಅಂಚು ನೇರವಾಗಿ, ನುಣುಪಾಗಿ, ನೋಡುವುದಕ್ಕೆ ಚೆನ್ನಾಗಿಯೇ ಬಂತು, ಆದರೆ ಇದ್ದ ನಾಲ್ಕು ಕಿಡಿಯೂ ಹೋಯಿತು. ಎರಡನೆಯದನ್ನು ಸಣ್ಣ ಉಕ್ಕಿನ ಸುತ್ತಿಗೆಯಿಂದ ತಟ್ಟಿದಾಗ ಅದು ನಡುವೆ ಅಡ್ಡಲಾಗಿ ಎರಡು ಹೋಳಾಯಿತು. ಮೂರನೆಯದರ ಒಂದು ಮೂಲೆ ಹಾರಿಹೋಗಿ, ಉಳಿದ ಮೂಲೆ ಕೊಕ್ಕಿನ ಹಾಗೆ ಮುಂದಕ್ಕೆ ಚಾಚಿಕೊಂಡಿದೆ.

ಇನ್ನೊಂದು ವಿಷಯ. ಬಟ್ಟಲನ್ನು ಮುಚ್ಚಿ ನಿಲ್ಲುವ ಉಕ್ಕಿನ ತಟ್ಟೆ, ಅಂದರೆ ಫ್ರಿಜನ್, ಅದರ ಮುಖದ ಮೇಲೆ ಅಡ್ಡಡ್ಡಲಾಗಿ ಒಂದು ತಗ್ಗು ಗೆರೆ ಬಿದ್ದಿದೆ. ಬೆರಳಾಡಿಸಿದರೆ ಉಗುರಿಗೆ ಸಿಗುವಷ್ಟು ಆಳವಿದೆ. ಇದಕ್ಕೂ ಕಲ್ಲು ಬೇಗ ಮೊಂಡಾಗುವುದಕ್ಕೂ ಸಂಬಂಧವಿದೆಯೇ? ಹರಿತ ಮಾಡಲು ಕಲ್ಲನ್ನು ದವಡೆಯಿಂದ ಬಿಚ್ಚಬೇಕೇ, ಅಲ್ಲಿಯೇ ಇಟ್ಟು ಮಾಡಬಹುದೇ? ಕಲ್ಲಿನ ಇಳಿಜಾರು ಮುಖ ಮೇಲಿರಬೇಕೋ ಕೆಳಗಿರಬೇಕೋ ಎಂಬುದರಲ್ಲೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ತಿಳಿದವರು ದಯವಿಟ್ಟು ಹಂತ ಹಂತವಾಗಿ ಬರೆಯಬೇಕೆಂದು ಕೋರುತ್ತೇನೆ.

ರಂಜಕದ ಬಟ್ಟಲು

ಗುರಿಕಾರರೇ, ನಿಮ್ಮ ಮೂರು ಕಲ್ಲುಗಳೂ ಒಂದೇ ತಪ್ಪು ತಿಳಿವಳಿಕೆಯಿಂದ ಹಾಳಾಗಿವೆ. ನಾನು ಕಲಿಯುವಾಗ ಏಳೆಂಟು ಕಲ್ಲುಗಳನ್ನು ಹೀಗೆಯೇ ಕಳೆದುಕೊಂಡವನಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ.

ಚಾಕುವಿಗೆ ಸಾಣೆ ಹಿಡಿಯುತ್ತೇವೆ, ಏಕೆಂದರೆ ಉಕ್ಕನ್ನು ಸವೆಸಿದಷ್ಟೂ ಅದರ ಬಾಯಿ ತೆಳುವಾಗುತ್ತ ಹೋಗುತ್ತದೆ. ಚಕಮಕಿ ಕಲ್ಲಿಗೆ ಸಾಣೆ ಹಿಡಿದರೆ ಅಂಚು ನೇರವಾಗಬಹುದು, ಹರಿತವಾಗುವುದಿಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಸ್ಫಟಿಕ ಕಣಗಳು ಒತ್ತೊತ್ತಾಗಿ ಕೂಡಿ ಆದ ಕಲ್ಲು ಅದು. ಮರಕ್ಕೆ ಎಳೆ ಇರುವಂತೆ, ಕಾಗೆಬಂಗಾರಕ್ಕೆ ಪದರ ಇರುವಂತೆ ಅದಕ್ಕೆ ಸೀಳುವ ದಿಕ್ಕು ಎಂಬುದೇ ಇಲ್ಲ. ಒತ್ತಡ ಬಿದ್ದ ಜಾಗದಿಂದ ಕಪ್ಪೆಚಿಪ್ಪಿನ ಒಳಮೈಯಂತೆ ಬಾಗಿದ ಚಕ್ಕೆಯಾಗಿ ಅದು ಏಳುತ್ತದೆ. ಹಾಗೆ ಹೊಸದಾಗಿ ಒಡೆದ ಮೈ ಇನ್ನೊಂದು ಮೈಯನ್ನು ಸೇರುವ ಗೆರೆಯೇ ಅದರ ಹರಿತ. ಆದ್ದರಿಂದ ಇದು ಉಜ್ಜುವ ಕೆಲಸವಲ್ಲ, ಚಕ್ಕೆ ಎಬ್ಬಿಸುವ ಕೆಲಸ. ಹಳೆಯ ಅಂಚನ್ನು ತಿದ್ದುವುದಿಲ್ಲ, ಅದನ್ನು ಕಿತ್ತು ಅದರ ಹಿಂದೆ ಹೊಸ ಅಂಚೊಂದನ್ನು ಹುಟ್ಟಿಸುತ್ತೇವೆ.

ಅಂಚು ಅಷ್ಟು ತೀಕ್ಷ್ಣವಾಗಿ ಏಕಿರಬೇಕು ಎಂದರೆ, ಕಿಡಿಯು ಕಲ್ಲಿನದಲ್ಲ, ಉಕ್ಕಿನದು. ಕಲ್ಲು ಫ್ರಿಜನ್ನಿನ ಮೇಲೆ ಜಾರುತ್ತ ಇಳಿಯುವಾಗ ಉಕ್ಕಿನ ಅತಿ ಸಣ್ಣ ಹೆರೆಗಳನ್ನು ಕಿತ್ತು ಹಾಕುತ್ತದೆ. ಕೀಳುವ ಭರದಲ್ಲಿ ಕಾದ ಆ ಹೆರೆ ಗಾಳಿಯ ಆಮ್ಲಜನಕ ತಗುಲಿದೊಡನೆ ಉರಿಯುತ್ತದೆ. ಹರಿತವಾದ ಅಂಚು ಹೆರೆಯುತ್ತದೆ, ಮೊಂಡು ಅಂಚು ಬರಿದೆ ಉಜ್ಜಿಕೊಂಡು ಹೋಗುತ್ತದೆ. ನಿಮ್ಮ ನುಣುಪಾದ ಕಲ್ಲು ಮಾಡಿದ್ದು ಅದನ್ನೇ.

ಈಗ ಕ್ರಮಕ್ಕೆ ಬರೋಣ. ಎಲ್ಲಕ್ಕಿಂತ ಮೊದಲು ನಳಿಗೆ ಖಾಲಿಯಿದೆ ಎಂಬುದನ್ನು ಗಜ ಇಳಿಸಿ ಖಚಿತ ಮಾಡಿಕೊಳ್ಳಿ. ಖಾಲಿ ನಳಿಗೆಗೆ ಗಜವನ್ನು ಪೂರ್ತಿ ಇಳಿಸಿದಾಗ ಅದು ಬಾಯಿಯ ಮಟ್ಟದಲ್ಲಿ ಎಲ್ಲಿ ನಿಲ್ಲುತ್ತದೋ ಅಲ್ಲಿ ಒಂದು ಗೆರೆ ಹಾಕಿಟ್ಟುಕೊಂಡರೆ ಪ್ರತಿ ಸಲವೂ ಒಂದೇ ನೋಟದಲ್ಲಿ ತಿಳಿಯುತ್ತದೆ. ಬಟ್ಟಲಿನ ರಂಜಕವನ್ನು ಒರೆಸಿ ತೆಗೆಯಿರಿ, ಕೋವಿಯ ಕಿವಿಗೆ, ಅಂದರೆ ಬಟ್ಟಲಿನ ಬೆಂಕಿ ನಳಿಗೆಯೊಳಗೆ ಹೋಗುವ ಸಣ್ಣ ತೂತಿಗೆ, ಒಂದು ಕಡ್ಡಿಯನ್ನೋ ಹಕ್ಕಿಯ ಗರಿಯ ಬುಡವನ್ನೋ ಸಿಕ್ಕಿಸಿ. ರಂಜಕ ಹೊತ್ತದೆ ಹುಸಿಹೋದ ಕೋವಿಯ ಕಲ್ಲನ್ನು, ಒಳಗೆ ಮದ್ದು ಗುಂಡು ಹಾಗೆಯೇ ಇರುವಾಗ ತಟ್ಟಲು ಹೊರಡುವುದು ಈ ಹವ್ಯಾಸದಲ್ಲಿ ನಾನು ಕಂಡ ಅತ್ಯಂತ ಅಪಾಯದ ಅಭ್ಯಾಸ. ಬಟ್ಟಲು ಖಾಲಿಯಿದ್ದರೂ ಒಂದು ಕಿಡಿ ಕಿವಿಯ ಮೂಲಕ ಒಳಗೆ ಹೋದರೆ ಸಾಕು. ಇಷ್ಟರ ಮೇಲೆ ಕನ್ನಡಕ ಹಾಕಿಕೊಳ್ಳದೆ ಕಲ್ಲು ಮುಟ್ಟಬೇಡಿ. ಏಳುವ ಚಕ್ಕೆ ಒಡೆದ ಗಾಜಿನಂತೆ ಹರಿತವಾಗಿರುತ್ತದೆ ಮತ್ತು ಯಾವ ಕಡೆ ಹಾರುತ್ತದೆಂದು ಹೇಳಲಾಗದು.

ಎರಡನೆಯದಾಗಿ, ಕಲ್ಲು ನಿಜವಾಗಿಯೂ ಮೊಂಡಾಗಿದೆಯೇ ಎಂದು ನೋಡಿ. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವ ಹೀರಿ ಅಂಟಂಟಾಗುತ್ತದೆ. ಅದು ಕಲ್ಲಿನ ಅಂಚಿಗೂ ಫ್ರಿಜನ್ನಿನ ಮುಖಕ್ಕೂ ಮೆತ್ತಿಕೊಂಡರೆ ಹೊಸ ಕಲ್ಲೂ ಕಿಡಿ ಕೊಡುವುದಿಲ್ಲ. ಸ್ಪಿರಿಟ್ಟಿನಲ್ಲಿ ತುಸು ನೆನೆಸಿದ ಬಟ್ಟೆಯಿಂದ ಎರಡನ್ನೂ ಒರೆಸಿ, ಒಣಗಲು ಬಿಟ್ಟು, ಕತ್ತಲ ಜಾಗದಲ್ಲಿ ಖಾಲಿ ಬಟ್ಟಲಿನ ಮೇಲೆ ಒಮ್ಮೆ ಕುದುರೆ ಬಿಟ್ಟು ನೋಡಿ. ಹಳದಿ ಬಿಳುಪಿನ ಕಿಡಿಗಳು ಗೊಂಚಲಾಗಿ ಬಟ್ಟಲಿಗೆ ಬಿದ್ದು, ಬಿದ್ದಲ್ಲಿಯೂ ಕ್ಷಣಕಾಲ ಉರಿಯುತ್ತಿದ್ದರೆ ಕಲ್ಲಿಗೆ ಏನೂ ಆಗಿಲ್ಲ. ನಾನು ಐದಾರು ಗುಂಡುಗಳಿಗೊಮ್ಮೆ ಹೀಗೆ ಒರೆಸುವ ರೂಢಿ ಮಾಡಿಕೊಂಡ ಮೇಲೆ ಕಲ್ಲನ್ನು ಹರಿತ ಮಾಡಬೇಕಾದ ಸಂದರ್ಭಗಳೇ ಎಷ್ಟೋ ಕಡಿಮೆಯಾದವು.

ಒರೆಸಿದ ಮೇಲೂ ಕೆಂಪನೆಯ ನಾಲ್ಕು ಕಿಡಿ ಮಾತ್ರ ಬಿದ್ದರೆ ಆಗ ಚಕ್ಕೆ ಎಬ್ಬಿಸಿ. ಕಲಿಯುವವರು ಕಲ್ಲನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಮಾಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಬೇಕಾಗುವುದು ಎರಡೇ: ಅಂಗೈ ಮುಚ್ಚುವಷ್ಟು ದಪ್ಪ ಚರ್ಮದ ತುಂಡು, ಮತ್ತು ಮರದ ಹಿಡಿಯಲ್ಲಿ ಕೂರಿಸಿದ, ನಾಲ್ಕು ಮಿಲಿಮೀಟರ್ ದಪ್ಪದ ತಾಮ್ರದ ಕಡ್ಡಿ. ತಾಮ್ರವು ಕಲ್ಲಿಗಿಂತ ಮೆತ್ತಗಿರುವುದರಿಂದ ಅಂಚು ಅದರಲ್ಲಿ ತುಸು ಕಚ್ಚಿಕೊಳ್ಳುತ್ತದೆ, ಜಾರುವುದಿಲ್ಲ. ಇದೇ ಕಾರಣಕ್ಕೆ ಜಿಂಕೆಯ ಕೊಂಬಿನ ತುದಿಯೂ ಈ ಕೆಲಸಕ್ಕೆ ಬಹು ಹಿಂದಿನಿಂದ ಬಳಕೆಯಲ್ಲಿದೆ. ಇಳಿಜಾರು ಮುಖ ಮೇಲೆ ಬರುವಂತೆ ಕಲ್ಲನ್ನು ಚರ್ಮದ ಮೇಲಿಟ್ಟು, ಅಂಚು ಚರ್ಮದಿಂದ ಸ್ವಲ್ಪ ಹೊರಗೆ ನಿಲ್ಲುವ ಹಾಗೆ ಬೆರಳುಗಳಿಂದ ಬಿಗಿಯಾಗಿ ಹಿಡಿಯಿರಿ. ತಾಮ್ರದ ತುದಿಯನ್ನು ಒಂದು ಮೂಲೆಯಲ್ಲಿ ಸರಿಯಾಗಿ ಅಂಚಿನ ಮೇಲೆಯೇ ಇಡಿ. ಮೊದಲು ಕಲ್ಲಿನ ಒಳಮುಖವಾಗಿ ಒತ್ತಿ, ಆ ಒತ್ತಡವನ್ನು ಸಡಿಲಿಸದೆಯೇ ಮಣಿಕಟ್ಟನ್ನು ಕೆಳಗೆ ತಿರುಗಿಸಿ. ಒಳಗೊತ್ತುವ ಬಲ ಚಕ್ಕೆ ಎಷ್ಟು ಉದ್ದ ಬರಬೇಕೆಂಬುದನ್ನು ನಿರ್ಧರಿಸುತ್ತದೆ, ಕೆಳಗೊತ್ತುವ ಬಲ ಅದನ್ನು ಬಿಡಿಸುತ್ತದೆ.

ಸರಿಯಾಗಿ ಆದಾಗ ಕಡ್ಡಿ ಮುರಿದಂಥ ಸಣ್ಣದೊಂದು ಸದ್ದು ಕೇಳಿ, ಕಲ್ಲಿನ ಅಡಿಯಿಂದ ಮೀನಿನ ಹುರುಪೆಯಷ್ಟು ತೆಳುವಾದ ಚಕ್ಕೆಯೊಂದು ಚರ್ಮದ ಮೇಲೆ ಬೀಳುತ್ತದೆ. ಅದು ಬಿಟ್ಟುಹೋದ ಜಾಗ ಹೊಳೆಯುತ್ತಿರುತ್ತದೆ. ತುದಿಯನ್ನು ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿಸಿ ಮತ್ತೆ ಹಾಗೆಯೇ ಮಾಡಿ. ಈ ಮೂಲೆಯಿಂದ ಆ ಮೂಲೆಯವರೆಗೆ ಹೋದರೆ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಮುಂದಕ್ಕೆ ಚಾಚಿದ ಹಲ್ಲುಗಳನ್ನಷ್ಟೇ ಎರಡನೆಯ ಸುತ್ತಿನಲ್ಲಿ ತೆಗೆದು ಸಾಲು ನೇರ ಮಾಡಿ. ಪೂರ್ತಿ ನೇರವಾಗಲೇಬೇಕೆಂಬ ಹಟಕ್ಕೆ ಬಿದ್ದರೆ ಕಲ್ಲು ಸವೆಯುತ್ತದೆಯೇ ಹೊರತು ಕಿಡಿ ಹೆಚ್ಚುವುದಿಲ್ಲ. ಆದರೆ ಒಂದೇ ಒಂದು ಹಲ್ಲು ಉದ್ದವಾಗಿ ಉಳಿದರೆ ಇಡೀ ಪೆಟ್ಟು ಅದರ ಮೇಲೆ ಬಿದ್ದು ಫ್ರಿಜನ್ನಿನಲ್ಲಿ ಉದ್ದುದ್ದ ಗೀರು ಕೊರೆಯುತ್ತದೆ. ನಿಮ್ಮ ಮೂರನೆಯ ಕಲ್ಲಿನ ಕೊಕ್ಕನ್ನು ತೆಗೆಯದೆ ಅದನ್ನು ಬಳಸಲೇಬೇಡಿ.

ಉಕ್ಕಿನ ಹದ

ಮೇಲಿನ ವಿವರಣೆಯಲ್ಲಿ ಬಹುಪಾಲು ಒಪ್ಪುತ್ತೇನೆ, ಆದರೆ ಕಲ್ಲನ್ನು ಪ್ರತಿ ಸಲವೂ ಬಿಚ್ಚಬೇಕೆಂಬುದನ್ನು ಒಪ್ಪುವುದಿಲ್ಲ. ಬಿಚ್ಚಿ ಮತ್ತೆ ಕೂರಿಸಿದಾಗ ಅಂಚು ಫ್ರಿಜನ್ನಿಗೆ ಸಮಾನಾಂತರವಾಗಿ ಕೂರುವುದು ತಪ್ಪುತ್ತದೆ, ಅದನ್ನು ಸರಿಮಾಡುವುದರಲ್ಲಿಯೇ ಸಮಯ ಹೋಗುತ್ತದೆ. ನಾನು ಇಪ್ಪತ್ತು ವರ್ಷಗಳಿಂದ ದವಡೆಯಲ್ಲಿಯೇ ಇಟ್ಟು ಹರಿತ ಮಾಡುತ್ತಿದ್ದೇನೆ. ನಳಿಗೆ ಖಾಲಿ ಇರಬೇಕೆಂಬ ಮಾತು ಇಲ್ಲಿ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಫ್ರಿಜನ್ನನ್ನು ಮುಂದಕ್ಕೆ ತೆರೆದು, ಕುದುರೆಯನ್ನು ಕೈಯಲ್ಲಿ ಹಿಡಿದು ಪೂರ್ತಿ ಕೆಳಗಿಳಿಸಿ, ಕಿರುಬೆರಳಿನ ಗಾತ್ರದ ಹಿತ್ತಾಳೆಯ ಸುತ್ತಿಗೆಯಿಂದ ಅಂಚಿನ ಮೇಲ್ಮೈಗೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ತಟ್ಟುತ್ತ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಬೇಕು. ತಟ್ಟುವಿಕೆ ಎಷ್ಟು ಹಗುರವೆಂದರೆ ಸುತ್ತಿಗೆಯ ತೂಕವೇ ಬೀಳಬೇಕು, ತೋಳಿನ ಬಲ ಸೇರಬಾರದು. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿ ತಟ್ಟುವವರನ್ನು ನೋಡಿದ್ದೇನೆ. ಆ ಪೆಟ್ಟೆಲ್ಲ ಒಳಗೆ ಕುದುರೆಯನ್ನು ತಡೆದು ನಿಲ್ಲಿಸುವ ಸಣ್ಣ ಕೊಂಡಿಯ ಮೂತಿಯ ಮೇಲೆ ಬೀಳುತ್ತದೆ. ಆ ಮೂತಿ ಸವೆದರೆ ಟ್ರಿಗರ್ ಮುಟ್ಟದೆಯೂ ಕುದುರೆ ಬೀಳುವ ಅಪಾಯವಿದೆ.

ನಿಮ್ಮ ಎರಡನೆಯ ಕಲ್ಲು ಹೋಳಾದದ್ದು ಉಕ್ಕಿನ ಸುತ್ತಿಗೆಯಿಂದ ಮಾತ್ರವಲ್ಲ ಎಂದು ನನಗನ್ನಿಸುತ್ತದೆ. ದವಡೆಯೊಳಗೆ ಚರ್ಮ ಸರಿಯಾಗಿ ಇಲ್ಲದಿದ್ದಾಗ ಕಲ್ಲಿನ ಬೆನ್ನು ಒಂದೆರಡು ಕಡೆ ಮಾತ್ರ ಲೋಹಕ್ಕೆ ತಾಗಿ, ನಡುವೆ ಟೊಳ್ಳಾಗಿರುತ್ತದೆ. ಆಗ ಎಷ್ಟು ಮೆಲ್ಲಗೆ ತಟ್ಟಿದರೂ ಅದು ಅಡ್ಡ ಮುರಿಯುತ್ತದೆ. ಒಂದೂವರೆ ಎರಡು ಮಿಲಿಮೀಟರ್ ದಪ್ಪದ ಚರ್ಮವನ್ನು ಕಲ್ಲಿನ ಮೇಲೆ ಕೆಳಗೆ ಎರಡೂ ಕಡೆ ಬರುವಂತೆ ಮಡಿಸಿ, ಮಡಿಕೆಯ ನಡುವೆ ತಿರುಪು ಹಾಯುವಷ್ಟು ಸೀಳು ಮಾಡಿದರೆ ಕಲ್ಲಿನ ಹಿಂಬದಿ ತಿರುಪಿಗೆ ಒರಗಿ ಗಟ್ಟಿಯಾಗಿ ಕೂರುತ್ತದೆ. ಐದಾರು ಗುಂಡುಗಳಾದ ಮೇಲೆ ತಿರುಪನ್ನು ಮತ್ತೊಮ್ಮೆ ಬಿಗಿಮಾಡಲೇಬೇಕು, ಏಕೆಂದರೆ ಚರ್ಮ ಅಷ್ಟರಲ್ಲಿ ಅಮರಿ ಸಡಿಲವಾಗಿರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನ್ನ ಗಮನ ಸೆಳೆದದ್ದು ಕಲ್ಲಿಗಿಂತ ಆ ಅಡ್ಡ ಗೆರೆ. ಚೆನ್ನಾಗಿ ಹೊಂದಿಸಿದ ಕೋವಿಯಲ್ಲಿ ಕಲ್ಲು ಫ್ರಿಜನ್ನಿನ ಎತ್ತರದಲ್ಲಿ ಮೇಲಿನಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿ ತಾಗಿ, ಅಲ್ಲಿಂದ ಕೆಳಗಿನವರೆಗೆ ಹೆರೆಯುತ್ತ ಬಂದು, ಕೊನೆಗೆ ಅಂಚು ಬಟ್ಟಲಿನ ನಡುವಿನತ್ತ ಮುಖಮಾಡಿ ನಿಲ್ಲುತ್ತದೆ. ತಾಗುವ ಕೋನ ಸುಮಾರು 60 ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅದಕ್ಕಿಂತ ನೇರವಾಗಿ ಗುದ್ದಿದರೆ ಕಲ್ಲು ಹೆರೆಯುವ ಬದಲು ಬಡಿದು, ಪುಟಿದು, ಮತ್ತೆ ಬಡಿಯುತ್ತದೆ. ಹಾಗಾದಾಗ ಅಂಚು ಪುಡಿಯಾಗುತ್ತದೆ, ಫ್ರಿಜನ್ನಿನಲ್ಲಿ ನೀವು ಹೇಳಿದಂಥ ಅಡ್ಡ ತಗ್ಗು ಬೀಳುತ್ತದೆ, ತಗ್ಗು ಬಿದ್ದ ಮೇಲೆ ಪ್ರತಿ ಸಲವೂ ಅಂಚು ಅಲ್ಲಿಯೇ ಸಿಕ್ಕಿಕೊಂಡು ಇನ್ನಷ್ಟು ಪುಡಿಯಾಗುತ್ತದೆ. ಹದಿನೈದು ಗುಂಡುಗಳಿಗೆ ನಿಮ್ಮ ಕಲ್ಲು ಸೋಲುತ್ತಿರುವುದಕ್ಕೆ ಕಾರಣ ಬಹುಮಟ್ಟಿಗೆ ಇದೇ. ಕೋನ ಸರಿಯಿದ್ದರೆ ಉಕ್ಕು ಕಲ್ಲಿನ ಅಡಿಯಿಂದ ತಾನೇ ಸಣ್ಣ ಚಕ್ಕೆಗಳನ್ನು ಎಬ್ಬಿಸುತ್ತ ಅಂಚನ್ನು ಹೊಸದಾಗಿಡುತ್ತದೆ. ಅಂಥ ಕೋವಿಯಲ್ಲಿ ನಾನು ಒಂದೇ ಕಲ್ಲಿನಲ್ಲಿ, ಒಮ್ಮೆಯೂ ತಟ್ಟದೆ, ನಲವತ್ತಕ್ಕೂ ಹೆಚ್ಚು ಗುಂಡು ಹೊಡೆದಿದ್ದೇನೆ.

ಇಳಿಜಾರು ಮೇಲೋ ಕೆಳಗೋ ಎಂಬುದಕ್ಕೆ ಉತ್ತರವೂ ಇದರಲ್ಲಿಯೇ ಇದೆ. ಇಳಿಜಾರು ಮೇಲಿದ್ದರೆ ಅಂಚು ಕಲ್ಲಿನ ಅಡಿಯ ಮಟ್ಟದಲ್ಲಿರುವುದರಿಂದ ಫ್ರಿಜನ್ನಿಗೆ ಕೆಳಗೆ ತಾಗುತ್ತದೆ, ಇಳಿಜಾರು ಕೆಳಗಿದ್ದರೆ ಅಂಚು ಮೇಲಿನ ಮಟ್ಟಕ್ಕೆ ಬಂದು ಎತ್ತರದಲ್ಲಿ ತಾಗುತ್ತದೆ. ಇದರಲ್ಲಿ ಸರಿ ತಪ್ಪು ಎಂಬುದಿಲ್ಲ, ನಿಮ್ಮ ಕೋವಿಗೆ ಯಾವುದು ಆ ಮೂರನೆಯ ಒಂದು ಭಾಗದ ಜಾಗಕ್ಕೆ ಅಂಚನ್ನು ತರುತ್ತದೆಯೋ ಅದೇ ಸರಿ. ಫ್ರಿಜನ್ನಿನ ಮುಖಕ್ಕೆ ಬರೆಯುವ ಮಾರ್ಕರಿನಿಂದ ಬಣ್ಣ ಹಚ್ಚಿ ಒಮ್ಮೆ ಕುದುರೆ ಬಿಡಿ, ಕಲ್ಲು ಎಲ್ಲಿಂದ ಎಲ್ಲಿಯವರೆಗೆ ಹೆರೆದಿದೆ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕುದುರೆಯನ್ನು ಅರ್ಧಕ್ಕೆ ನಿಲ್ಲಿಸಿದಾಗ ಅಂಚಿಗೂ ಮುಚ್ಚಿದ ಫ್ರಿಜನ್ನಿಗೂ ನಡುವೆ ಎರಡು ಮೂರು ಮಿಲಿಮೀಟರ್ ಅಂತರವಿರಲಿ, ಎಂದೂ ತಾಗಬಾರದು.

ಉಕ್ಕೇ ಮೆದುವಾಗಿದೆಯೇ ಎಂಬುದನ್ನೂ ನೋಡಿಬಿಡಿ. ಫ್ರಿಜನ್ನಿನ ಮುಖದ ಒಂದು ಮೂಲೆಯಲ್ಲಿ ಹೊಸ ಅರವನ್ನು (ಲೋಹ ಉಜ್ಜುವ ಉಪಕರಣ) ಮೆಲ್ಲಗೆ ಆಡಿಸಿದರೆ ಅದು ಗಾಜಿನ ಮೇಲೆ ಜಾರಿದಂತೆ ಜಾರಬೇಕು. ಅರ ಕಚ್ಚಿಕೊಂಡು ಪುಡಿ ಬಂದರೆ ಉಕ್ಕಿಗೆ ಹದ ಸಾಲದು. ಆಗ ಎಂಥ ಕಲ್ಲು ಹಾಕಿದರೂ ಪ್ರಯೋಜನವಿಲ್ಲ, ಮತ್ತೆ ಕಾಯಿಸಿ ಗಡಸು ಮಾಡಿಸಬೇಕು. ಇದನ್ನು ಕೋವಿ ರಿಪೇರಿ ಬಲ್ಲವರಿಗೆ ಬಿಡಿ. ಮುಖ ಗಡಸಾಗಿ ಬುಡ ಮೆದುವಾಗಿ ಉಳಿಯದಿದ್ದರೆ ಫ್ರಿಜನ್ ಒಂದು ದಿನ ಬುಡದಲ್ಲಿ ಮುರಿಯುತ್ತದೆ.

ಹೊಸ ಗುರಿಕಾರ

ಇಬ್ಬರಿಗೂ ತುಂಬ ಕೃತಜ್ಞತೆಗಳು. ಈ ವಾರ ಎರಡು ಸಂಜೆ ಕುಳಿತು ನೀವು ಹೇಳಿದ್ದನ್ನೆಲ್ಲ ಮಾಡಿದೆ. ಅರ ಜಾರಿತು, ಆದ್ದರಿಂದ ಉಕ್ಕಿನ ಚಿಂತೆ ಕಳೆಯಿತು. ಮಾರ್ಕರಿನ ಪರೀಕ್ಷೆಯಲ್ಲಿ ಕಲ್ಲು ಫ್ರಿಜನ್ನಿನ ಅರ್ಧಕ್ಕಿಂತ ಕೆಳಗೆ, ಆ ತಗ್ಗಿನಲ್ಲಿಯೇ ತಾಗಿ, ಅಲ್ಲಿಂದ ಬರಿಯ ಆರೇಳು ಮಿಲಿಮೀಟರ್ ಮಾತ್ರ ಹೆರೆದಿದ್ದು ಕಂಡಿತು. ಇಷ್ಟು ದಿನ ಇಳಿಜಾರು ಮೇಲಿಟ್ಟಿದ್ದೆ. ತಿರುಗಿಸಿ ಇಟ್ಟೊಡನೆ ತಾಗುವ ಜಾಗ ತಗ್ಗನ್ನು ದಾಟಿ ಮೇಲಕ್ಕೆ ಹೋಯಿತು, ಕಿಡಿಯೂ ಕಣ್ಣಿಗೆ ಕಾಣುವಷ್ಟು ಹೆಚ್ಚಿತು.

ಆದರೆ ಚಕ್ಕೆ ಎಬ್ಬಿಸುವುದರಲ್ಲಿ ಒಂದು ತೊಡಕಿದೆ. ತಾಮ್ರದ ಕಡ್ಡಿಯಿಂದ ಒತ್ತಿದಾಗ ಹೆಚ್ಚಿನ ಸಲ ಉದ್ದನೆಯ ಚಕ್ಕೆ ಬರುವುದಿಲ್ಲ. ಅಂಚು ಸಕ್ಕರೆಯ ಹರಳಿನಂತೆ ಪುಡಿಯಾಗಿ ಉದುರುತ್ತದೆ. ಕೆಲವೊಮ್ಮೆ ಚಕ್ಕೆ ಎದ್ದರೂ ಅರ್ಧದಲ್ಲಿಯೇ ತುಂಡಾಗಿ ಕಲ್ಲಿನ ಅಡಿಯಲ್ಲಿ ಮೆಟ್ಟಿಲಿನಂಥ ಗುರುತು ಉಳಿಯುತ್ತದೆ. ಹೀಗೆ ನಾಲ್ಕೈದು ಮೆಟ್ಟಿಲುಗಳಾದ ಮೇಲೆ ಅಂಚು ಹಿಂದಿಗಿಂತ ದಪ್ಪವಾಯಿತು. ನನ್ನ ಕೈಯ ತಪ್ಪೋ, ಕಲ್ಲೇ ಕೆಟ್ಟದ್ದೋ ತಿಳಿಯುತ್ತಿಲ್ಲ.

ಕಪ್ಪು ಕಲ್ಲು

ಅದು ಕಲ್ಲಿನ ದೋಷವಲ್ಲ. ಸವೆದ ಅಂಚಿನ ಮೇಲೆ ನೇರವಾಗಿ ಒತ್ತಿದ್ದರಿಂದ ಹಾಗಾಗಿದೆ. ಚಕ್ಕೆ ಉದ್ದವಾಗಿ ಓಡಬೇಕಾದರೆ ಒತ್ತುವ ತುದಿಗೆ ಕುಳಿತುಕೊಳ್ಳಲು ಒಂದು ಗಟ್ಟಿ ನೆಲೆ ಬೇಕು. ಬಳಸಿದ ಕಲ್ಲಿನ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ, ಆಗಲೇ ಬಿರುಕು ಬಿಟ್ಟ ಪುಡಿಯಂಚು ಇರುತ್ತದೆ. ಅದರ ಮೇಲೆ ಎಷ್ಟೇ ಬಲವಾಗಿ ಒತ್ತಿದರೂ ಒತ್ತಡ ಕಲ್ಲಿನೊಳಗೆ ಹೋಗುವ ಮೊದಲೇ ಅದು ಉದುರಿಹೋಗುತ್ತದೆ. ಆದ್ದರಿಂದ ಮೊದಲು ಒಂದು ಒರಟು ಕಲ್ಲಿನಿಂದ ಆ ಅಂಚನ್ನು ನಾಲ್ಕು ಸಲ ಉಜ್ಜಿ ಬೇಕೆಂದೇ ಸ್ವಲ್ಪ ಮೊಂಡು ಮಾಡಿಕೊಳ್ಳಬೇಕು. ಹರಿತ ಮಾಡಲು ಹೊರಟವರು ಮೊಂಡು ಮಾಡುವುದೇ ಎಂದು ಅನುಮಾನ ಬರುವುದು ಸಹಜ, ನನಗೂ ಇದನ್ನು ನಂಬಲು ಬಹಳ ದಿನ ಬೇಕಾಯಿತು. ಆ ಮೊಂಡು ಗೆರೆಯ ಮೇಲೆ ತಾಮ್ರದ ತುದಿ ಅಲುಗಾಡದೆ ನಿಲ್ಲುತ್ತದೆ, ಒತ್ತಡ ಒಳಗೆ ಇಳಿಯುತ್ತದೆ, ಚಕ್ಕೆ ಏಳುವಾಗ ಆ ಮೊಂಡು ಭಾಗವನ್ನೂ ತನ್ನ ಜೊತೆಗೇ ತೆಗೆದುಕೊಂಡು ಹೋಗುತ್ತದೆ. ನಿಮ್ಮ ಹಳೆಯ ಸಾಣೆಕಲ್ಲಿಗೆ ಇಲ್ಲಿ ಉಪಯೋಗವಿದೆ.

ಮೆಟ್ಟಿಲುಗಳ ಕಾರಣ ಬೇರೆ. ಒಳಗೊತ್ತುವ ಬಲ ಸಾಲದೆ ಕೆಳಗೊತ್ತುವ ಬಲ ಬೇಗ ಬಂದರೆ ಚಕ್ಕೆ ಓಡುವ ಮೊದಲೇ ಬಾಗಿ ಮುರಿಯುತ್ತದೆ. ಒಮ್ಮೆ ಮೆಟ್ಟಿಲು ಉಂಟಾದರೆ ಮುಂದಿನ ಚಕ್ಕೆಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ. ಅದನ್ನು ತೆಗೆಯಲು ಎದುರು ನಿಂತು ಹೋರಾಡಬಾರದು, ಮೆಟ್ಟಿಲಿನ ಎಡಕ್ಕೂ ಬಲಕ್ಕೂ ಒಂದೊಂದು ಉದ್ದನೆಯ ಚಕ್ಕೆ ಎಬ್ಬಿಸಿ ಅದನ್ನು ಇಕ್ಕೆಲಗಳಿಂದ ಸಡಿಲ ಮಾಡಿ, ಆಮೇಲೆ ನಡುವಿನಿಂದ ಒತ್ತಬೇಕು. ಚಕ್ಕೆ ಯಾವಾಗಲೂ ಮೈಮೇಲಿನ ಏಣನ್ನು, ಅಂದರೆ ಉಬ್ಬಿದ ಗೆರೆಯನ್ನು, ಹಿಡಿದು ಓಡುತ್ತದೆ. ಹಿಂದಿನ ಎರಡು ಚಕ್ಕೆಗಳ ಗುರುತುಗಳು ಕೂಡುವಲ್ಲಿ ಉಳಿಯುವ ಏಣಿನ ನೇರಕ್ಕೆ ತುದಿಯನ್ನಿಟ್ಟರೆ ಅರ್ಧ ಕೆಲಸ ಕಲ್ಲೇ ಮಾಡಿಕೊಡುತ್ತದೆ.

ಈ ಏಣಿನ ಗುಟ್ಟಿನ ಮೇಲೆಯೇ ಇಂಗ್ಲೆಂಡಿನ ಪೂರ್ವ ಭಾಗದಲ್ಲಿರುವ ಬ್ರಾಂಡನ್ ಎಂಬ ಊರಿನ ಕಸುಬು ನಿಂತಿತ್ತು. ಸೀಮೆಸುಣ್ಣದ ಪದರಗಳ ನಡುವೆ ಗಡ್ಡೆಗಳಾಗಿ ಸಿಗುವ ಕಪ್ಪು ಚಕಮಕಿಯನ್ನು ಅಲ್ಲಿಯವರು ಬಾವಿ ತೋಡಿ ಮೇಲೆತ್ತಿ, ಮೊದಲು ಚರ್ಮ ಕಟ್ಟಿದ ಮಂಡಿಯ ಮೇಲಿಟ್ಟು ದೊಡ್ಡ ಹೋಳುಗಳಾಗಿ ಒಡೆಯುತ್ತಿದ್ದರು, ಆಮೇಲೆ ಒಂದೊಂದು ಹೋಳಿನ ಸುತ್ತಲೂ ಏಣು ಹಿಡಿದು ಉದ್ದನೆಯ ಪಟ್ಟಿಗಳನ್ನು ಎಬ್ಬಿಸುತ್ತಿದ್ದರು, ಕೊನೆಗೆ ಆ ಪಟ್ಟಿಯನ್ನು ನೆಟ್ಟ ಕಬ್ಬಿಣದ ಗೂಟದ ಮೇಲೆ ಅಡ್ಡಲಾಗಿ ತುಂಡರಿಸಿ ಕೋವಿಯ ಕಲ್ಲು ಮಾಡುತ್ತಿದ್ದರು. ನಿಮ್ಮ ಕಲ್ಲಿನ ಬೆನ್ನ ಮೇಲೆ ಸಮಾನಾಂತರವಾಗಿ ಎರಡು ಏಣುಗಳು, ಅವುಗಳ ನಡುವೆ ಚಪ್ಪಟೆ ಜಾಗ ಇದ್ದರೆ ಅದು ಆ ಪಟ್ಟಿಯ ಗುರುತು. ಫ್ರಾನ್ಸಿನಿಂದ ಬರುತ್ತಿದ್ದ ಜೇನುಬಣ್ಣದ ಕಲ್ಲುಗಳೂ ಪಟ್ಟಿಯಿಂದಲೇ ಆದವು, ಆದರೆ ಅವುಗಳ ಹಿಂಬದಿಯನ್ನು ದುಂಡಗೆ ತಿದ್ದಿರುತ್ತಾರೆ.

ಇದನ್ನು ಹೇಳಲು ಕಾರಣವಿದೆ. ಆ ಚಪ್ಪಟೆ ಜಾಗ ನಿಮಗೆ ಅಳತೆಗೋಲು. ಹೊಸ ಕಲ್ಲಿನಲ್ಲಿ ಅಂಚಿನಿಂದ ಮೊದಲ ಏಣಿನವರೆಗಿನ ಇಳಿಜಾರು ಉದ್ದವಾಗಿರುತ್ತದೆ, ಪ್ರತಿ ಸಲ ಚಕ್ಕೆ ಎಬ್ಬಿಸಿದಾಗಲೂ ಅಂಚು ಏಣಿಗೆ ಹತ್ತಿರವಾಗುತ್ತದೆ, ಅಂದರೆ ದಪ್ಪವಾಗುತ್ತದೆ. ಅಂಚು ಏಣಿನ ತೀರ ಹತ್ತಿರಕ್ಕೆ ಬಂದ ಮೇಲೆ ಅದರಿಂದ ಒಳ್ಳೆಯ ಚಕ್ಕೆ ನಿರೀಕ್ಷಿಸುವುದು ವ್ಯರ್ಥ. ಅಷ್ಟರಲ್ಲಿ ಕಲ್ಲು ಗಿಡ್ಡವಾಗಿ ಫ್ರಿಜನ್ನಿನಿಂದ ದೂರ ಸರಿದಿರುವುದರಿಂದ ಹಿಂದೆ ಒಂದು ಚರ್ಮದ ತುಣುಕನ್ನೋ ಮರದ ಚೂರನ್ನೋ ಇಟ್ಟು ಮುಂದಕ್ಕೆ ತರಬೇಕಾಗಿರುತ್ತದೆ. ಹಿಂಬದಿಯನ್ನು ದುಂಡಗೆ ತಿದ್ದದೆ ಬಿಟ್ಟ ಕಲ್ಲಾದರೆ ಹಿಂದುಮುಂದಾಗಿ ತಿರುಗಿಸಿ ಆ ಅಂಚನ್ನೂ ಬಳಸಿಕೊಳ್ಳಬಹುದು. ನಿಮ್ಮ ಸಾಣೆ ಹಿಡಿದ ಮೊದಲ ಕಲ್ಲನ್ನೂ ಎಸೆಯಬೇಡಿ. ಅದರ ಅಂಚು ಆಗಲೇ ಮೊಂಡಾಗಿ, ನೇರವಾಗಿ ಇರುವುದರಿಂದ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಸಿಗದು.

ರಂಜಕದ ಬಟ್ಟಲು

ಅಂಚನ್ನು ಮೊಂಡು ಮಾಡಿಕೊಳ್ಳುವ ವಿಷಯವನ್ನು ನಾನು ಬರೆಯದೆ ಬಿಟ್ಟದ್ದು ನನ್ನ ತಪ್ಪು, ಅದನ್ನು ಹೇಳದೆ ಕಡ್ಡಿಯ ವಿಧಾನ ಅಪೂರ್ಣ. ಆದರೆ ಉಜ್ಜುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ ಸೇರಿಸಲೇಬೇಕು. ಚಕಮಕಿಯ ಧೂಳು ಬಹುಮಟ್ಟಿಗೆ ಸಿಲಿಕಾ. ಬ್ರಾಂಡನ್ನಿನ ಕಸುಬುದಾರರಲ್ಲಿ ಅನೇಕರು ಮುಚ್ಚಿದ ಕೊಠಡಿಗಳಲ್ಲಿ ದಿನವೆಲ್ಲ ಆ ಧೂಳನ್ನು ಉಸಿರಾಡಿ ಸಿಲಿಕೋಸಿಸ್ ಎಂಬ ಶ್ವಾಸಕೋಶದ ರೋಗದಿಂದ ಸತ್ತರು. ಒಮ್ಮೆ ಒಳಗೆ ಹೋದ ಆ ಕಣಗಳು ಹೊರಗೆ ಬರುವುದಿಲ್ಲ, ಆದ ಹಾನಿಗೆ ಮದ್ದೂ ಇಲ್ಲ. ನಾವು ಮಾಡುವುದು ಅದರ ನೂರರಲ್ಲಿ ಒಂದು ಪಾಲೂ ಅಲ್ಲ ಎಂಬುದು ನಿಜವಾದರೂ, ಉಜ್ಜುವಾಗ ಕಲ್ಲನ್ನು ನೀರಿನಲ್ಲಿ ಒದ್ದೆ ಮಾಡಿಕೊಳ್ಳಿ, ಗಾಳಿಯಾಡುವ ಬಯಲಿನಲ್ಲಿ ಕುಳಿತುಕೊಳ್ಳಿ, ಅಂಚಿನ ಪುಡಿಯನ್ನು ಬಾಯಿಂದ ಊದಬೇಡಿ. ವಿದ್ಯುತ್ತಿನಿಂದ ತಿರುಗುವ ಸಾಣೆಚಕ್ರಕ್ಕೆ ಒಡ್ಡುವ ಯೋಚನೆಯನ್ನಂತೂ ಮಾಡಲೇಬೇಡಿ. ಚಕ್ಕೆಗಳನ್ನು ಕಾಗದದ ಮೇಲೆ ಬೀಳಿಸಿ ಮಡಿಸಿ ಕಸಕ್ಕೆ ಹಾಕಿ, ನೆಲದಲ್ಲಿ ಬಿಟ್ಟರೆ ಬರಿಗಾಲಿನಲ್ಲಿ ಬರುವ ಮಕ್ಕಳ ಅಂಗಾಲು ಸೀಳುತ್ತದೆ.

ಹೊಸ ಗುರಿಕಾರ

ಕಪ್ಪು ಕಲ್ಲು ಅವರು ಹೇಳಿದಂತೆ ಸಾಣೆ ಹಿಡಿದ ಮೊದಲ ಕಲ್ಲನ್ನೇ ತೆಗೆದುಕೊಂಡು ಕುಳಿತೆ. ಮೊದಲ ಎರಡು ಒತ್ತಿಗೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಆ ಸಣ್ಣ ಸದ್ದು ಕೇಳಿಸಿತು. ಚರ್ಮದ ಮೇಲೆ ಬಿದ್ದ ಚಕ್ಕೆಯನ್ನು ಬೆಳಕಿಗೆ ಹಿಡಿದರೆ ಅಂಚಿನ ಕಡೆ ಬೂದು ಬಣ್ಣಕ್ಕೆ ಪಾರದರ್ಶಕವಾಗಿ ಕಾಣುತ್ತಿತ್ತು, ಅದರ ಒಂದು ತುದಿಯಲ್ಲಿ ನಾನು ಅರ್ಧ ಗಂಟೆ ತಿಕ್ಕಿ ನುಣುಪು ಮಾಡಿದ್ದ ಗೆರೆ ಹಾಗೆಯೇ ಅಂಟಿಕೊಂಡಿತ್ತು. ಅಂಚಿನ ಉದ್ದಕ್ಕೆ ಒಟ್ಟು ಒಂಬತ್ತು ಚಕ್ಕೆ ಎಬ್ಬಿಸಿದೆ, ಅವುಗಳಲ್ಲಿ ಆರು ಪೂರ್ತಿ ಓಡಿದವು, ಮೂರು ನಡುವೆ ಮುರಿದವು.

ಅದೇ ಕಲ್ಲನ್ನು ಇಳಿಜಾರು ಕೆಳಗೆ ಮಾಡಿ, ಹೊಸ ಚರ್ಮದಲ್ಲಿ ಕೂರಿಸಿ, ನಿನ್ನೆ ಗುರಿಯ ಬಯಲಿಗೆ ಹೋಗಿದ್ದೆ. ಐದು ಗುಂಡಿಗೊಮ್ಮೆ ಕಲ್ಲನ್ನೂ ಫ್ರಿಜನ್ನನ್ನೂ ಒರೆಸಿ, ಆರನೆಯದಕ್ಕೆ ತಿರುಪು ಬಿಗಿಮಾಡಿ, ಇಪ್ಪತ್ತೆಂಟು ಗುಂಡು ಹೊಡೆದೆ. ಇಪ್ಪತ್ತಮೂರನೆಯದು ಒಂದು ಸಲ ಹುಸಿಹೋಯಿತು. ಗುರಿಯ ಕಡೆಗೇ ನಳಿಗೆ ಹಿಡಿದು ಒಂದು ನಿಮಿಷ ಕಾದು, ಕಲ್ಲನ್ನು ಮುಟ್ಟದೆ, ರಂಜಕ ಬದಲಾಯಿಸಿ ಮತ್ತೆ ಹೊಡೆದಾಗ ಹೊತ್ತಿತು. ಉಳಿದಿರುವ ಒಂದೇ ಅನುಮಾನ ಫ್ರಿಜನ್ನಿನ ಆ ಹಳೆಯ ತಗ್ಗಿನದು. ಕಲ್ಲು ಈಗ ಮೇಲಿನಿಂದ ಹೆರೆಯುತ್ತ ಬರುವಾಗ ಅದನ್ನು ದಾಟಿಯೇ ಹೋಗಬೇಕು, ದಾಟುವಾಗ ಅಂಚಿನ ಬಲ ಮೂಲೆ ಸ್ವಲ್ಪ ಸಿಕ್ಕಿಕೊಳ್ಳುವಂತೆ ಕಾಣುತ್ತದೆ.

ಉಕ್ಕಿನ ಹದ

ಉಗುರಿಗೆ ಸಿಗುವಷ್ಟು ಆಳವೆಂದರೆ ನುಣ್ಣನೆಯ ಮರಳುಕಾಗದವನ್ನು ಚಪ್ಪಟೆ ಮರಕ್ಕೆ ಸುತ್ತಿ, ಫ್ರಿಜನ್ನಿನ ಬಾಗಿನ ಜೊತೆಗೇ ಮೇಲೆ ಕೆಳಗೆ ಆಡಿಸಿ ತಗ್ಗಿನ ಎರಡೂ ದಡಗಳನ್ನು ಇಳಿಸಿದರೆ ಸಾಕು, ತಗ್ಗು ಪೂರ್ತಿ ಮಾಯವಾಗುವವರೆಗೆ ಉಜ್ಜಬೇಡಿ. ಮುಖಕ್ಕೆ ಮಾತ್ರ ಗಡಸು ಕೊಟ್ಟ ಫ್ರಿಜನ್ನುಗಳಲ್ಲಿ ಆ ಗಡಸು ಪದರ ಬಹಳ ತೆಳು, ಅದನ್ನು ಉಜ್ಜಿ ಕಳೆದುಕೊಂಡರೆ ಅರ ಕಚ್ಚತೊಡಗುತ್ತದೆ. ಚಕ್ರ ಹಚ್ಚಿ ಬಿಸಿ ಮಾಡುವುದಂತೂ ಬೇಡ, ಬಿಸಿಗೆ ಹದ ಇಳಿದುಹೋಗುತ್ತದೆ. ಉಜ್ಜಿದ ಮೇಲೆ ಮತ್ತೊಮ್ಮೆ ಮಾರ್ಕರ್ ಹಚ್ಚಿ ನೋಡಿ, ಹೆರೆದ ಗುರುತು ಮೇಲಿನಿಂದ ಕೆಳಗಿನವರೆಗೆ ಕಡಿಯದೆ ಬಂದಿದ್ದರೆ ಅಲ್ಲಿಗೆ ನಿಲ್ಲಿಸಿ.